ತೊಟ್ಟಿಲಿನ ಕೊಂಡಿ

ಆ ಕೋಣೆಯ ನೆಲ ಕಪ್ಪು. ಅದನ್ನು ತಿಕ್ಕಿ ತಿಕ್ಕಿ ಹೊಳಪು ಬರಿಸಿದ್ದು ನಾನು, ಬೀಫಾತಿಮ್ಮ, ಅಮ್ಮಣಿ, ಮತ್ತೆ ಬೀಜ ಒಡೆಯುವ ಅಷ್ಟೂ ಹೆಂಗಸರು. ಮಂಡಿ ಊರಿ ತಿಕ್ಕಿದ್ದು. ಇದನ್ನು ಮೊದಲೇ ಹೇಳಿಬಿಡ್ತೇನೆ. ಆಮೇಲೆ ಯಾರಾದರೂ ಬಂದು ಅದು ಕಂಪೆನಿಯವರು ಮಾಡಿಸಿದ ಆಫೀಸು ಅಂದರೆ ನನಗೆ ಮೈಯೆಲ್ಲ ಉರೀತದೆ.

ನಾನು ದೇಯಿ. ಕುಲಶೇಖರದ ಆಚೆ ಗುಡ್ಡೆಯ ಬದಿಯಲ್ಲಿ ಒಂದು ಗೇರುಬೀಜದ ಕಾರ್ಖಾನೆ ಇತ್ತು. ಅದರ ಹೆಸರು ಹೇಳುದಿಲ್ಲ. ಹೇಳಿದರೆ ಬಾಯಿ ಮುಕ್ಕಳಿಸಬೇಕು ನಾನು.

ಗೇರುಬೀಜ ತಿನ್ನುವವರಿಗೆ ಅದನ್ನು ಒಡೆಯುವುದು ಎಂತ ಅಂತ ಗೊತ್ತಿಲ್ಲ. ಹುರಿದ ಬೀಜ ಎದುರಿಗೆ ರಾಶಿ ಸುರೀತಾರೆ. ನೆಲದಲ್ಲಿ ಕೂತು, ಒಂದೊಂದೇ ಬೀಜ ಕಲ್ಲಿನ ಮೇಲೆ ಇಟ್ಟು ಮರದ ಕೊಡತಿಯಲ್ಲಿ ಹೊಡೆಯಬೇಕು. ಪೆಟ್ಟು ಜೋರಾದರೆ ತಿರುಳು ಪುಡಿ. ಮೆಲ್ಲ ಆದರೆ ಸಿಪ್ಪೆ ಬಿಡುದಿಲ್ಲ. ಸಿಪ್ಪೆಯಿಂದ ಸೊನೆ ಹಾರ್ತದೆ. ಕಪ್ಪು ಸೊನೆ. ತಾಗಿದಲ್ಲಿ ಚರ್ಮ ಸುಟ್ಟು ಏಳ್ತದೆ. ಕೈಗೆ ಬೂದಿ ಹಚ್ಚಿಕೊಳ್ತೇವೆ. ಬೂದಿ ಎಷ್ಟು ತಡೀತದೆ? ಅನ್ನ ಕಲಸಿದರೆ ಬೆರಳು ಉರಿ. ಮಗುವಿನ ಕೆನ್ನೆ ಸವರಿದರೆ ಮಗುವಿಗೆ ಉರಿ. ಮಗು ಮುಟ್ಟಲಿಕ್ಕೆ ಆಗದ ಕೈ ಅದು. ಅಂಥ ಕೈ ಇಟ್ಟುಕೊಂಡು ಮಗು ಹೆರಬೇಕು, ಸಾಕಬೇಕು.

ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದವರು ಮಗುವನ್ನು ಎಲ್ಲಿ ಬಿಡುದು? ಪಕ್ಕದಲ್ಲಿ ಗೋಣಿ ಹಾಸಿ ಮಲಗಿಸುದು. ಆ ಹೊಗೆ, ಆ ಸಿಪ್ಪೆ, ಆ ಧೂಳಿನಲ್ಲಿ. ನನ್ನ ತಮ್ಮ ಬೋಜ ಹಾಗೇ ಬೆಳೆದವ. ನಮ್ಮ ಅಮ್ಮ ಅದೇ ಶೆಡ್ಡಿನಲ್ಲಿ ಬೀಜ ಒಡೀತಿದ್ದಳು. ಒಂದು ದಿನ ಸೊನೆ ಹಾರಿ ಮಲಗಿದ್ದ ಬೋಜನ ಕುತ್ತಿಗೆಗೆ ಬಿತ್ತು. ಆ ಕಲೆ ಈಗಲೂ ಉಂಟು. ಕಾಲರ್ ಇರುವ ಅಂಗಿ ಹಾಕಿ ಮುಚ್ತಾನೆ.

ಅಮ್ಮ ಕೆಮ್ಮಿ ಕೆಮ್ಮಿ ಸತ್ತಳು. ಅವಳ ಕಲ್ಲು, ಅವಳ ಕೊಡತಿ ನನಗೆ ಬಂತು. ಬೋಜ ಶಾಲೆಗೆ ಹೋದ. ನಾನೇ ಕಳಿಸಿದ್ದು. ಇಂಗ್ಲಿಷು ಕಲಿತ, ಪರೀಕ್ಷೆ ಪಾಸಾದ, ಅದೇ ಕಾರ್ಖಾನೆಯಲ್ಲಿ ರೈಟರ್ ಆದ. ನಾವು ಒಡೆದ ತಿರುಳಿನ ತೂಕ ಬರೆಯುವ ಕೆಲಸ. ನಮ್ಮ ಜಾತಿಯವ ಕಿಸೆಗೆ ಪೆನ್ನು ಸಿಕ್ಕಿಸಿದ್ದು ಅದೇ ಮೊದಲು. ಆದರೆ ಕುರ್ಚಿ ಕೊಡಲಿಲ್ಲ. ಬೇರೆ ರೈಟರುಗಳು ಆಫೀಸಿನ ಒಳಗೆ, ಇವ ಜಗಲಿಯಲ್ಲಿ ಬೀಜದ ಮೂಟೆಯ ಮೇಲೆ. ಒಳಗೆ ಜಾಗ ಇಲ್ಲ ಅಂತ ದೊಡ್ಡ ರೈಟರು ಹೇಳಿದ್ದು. ಜಾಗ ಇಲ್ಲದ್ದು ಯಾರಿಗೆ ಅಂತ ನಮಗೆ ಗೊತ್ತಿಲ್ಲವಾ!

ಚೀನದವರ ಯುದ್ಧಕ್ಕೆ ಮೊದಲಿನ ವರ್ಷ. ದನಿಗಳ, ಅಂದರೆ ಕಾರ್ಖಾನೆಯ ಯಜಮಾನರ, ಮಗ ಬೊಂಬಾಯಿಯಿಂದ ಓದು ಮುಗಿಸಿ ಬಂದರು. ಸಣ್ಣ ದನಿ ಅಂತ ಕರೀತಿದ್ದೆವು. ಕದ್ರಿಯ ಬಂಗಲೆಯಿಂದ ಕಾರಿನಲ್ಲಿ ಬರ್ತಿದ್ದರು. ಆಯುಧಪೂಜೆಯ ದಿನ ಅವಲಕ್ಕಿ ಹಂಚಿ ಆದ ಮೇಲೆ ಎದ್ದು ನಿಂತು ಭಾಷಣ ಮಾಡಿದರು.

"ದುಡಿಯುವವರ ಮೈ ಮನಸ್ಸು ಸುಖದಲ್ಲಿದ್ದರೆ ಕೆಲಸ ತನ್ನಷ್ಟಕ್ಕೆ ಚೆಂದ ಆಗ್ತದೆ. ಕೂರುವ ಜಾಗದಲ್ಲಿ ಗಾಳಿ ಬೇಕು, ಬೆಳಕು ಬೇಕು. ಕಣ್ಣಿಗೆ ತಂಪು ಬೇಕು. ಬೊಂಬಾಯಿಯಲ್ಲಿ ಈಗ ಎಲ್ಲ ಹಾಗೇ. ನಮ್ಮ ಹೆಂಗಸರಿಗೆ, ಅವರ ಮಕ್ಕಳಿಗೆ ಒಂದು ಒಳ್ಳೆಯ ಕೋಣೆ ಕಟ್ಟಿಸ್ತೇನೆ."

ನನ್ನ ಪಕ್ಕದಲ್ಲಿ ಬೀಫಾತಿಮ್ಮ. ಪಕ್ಕದ ಕಲ್ಲು ಅವಳದ್ದು. ಅಮ್ಮನ ಕಾಲದವಳು, ಬಾಯಿ ಜೋರು. ಕಿವಿಯ ಅಲಿಕತ್ತು ಅಲ್ಲಾಡಿಸಿ ನಕ್ಕಳು.

"ಬೊಂಬಾಯಿ ಗಾಳಿ ತಲೆಗೆ ಹೊಕ್ಕಿದೆ ಈ ಹುಡುಗನಿಗೆ. ಎರಡು ಮಳೆಗಾಲ ಕಳೀಲಿ, ಇಳೀತದೆ."

ಇಳೀಲಿಲ್ಲ. ಮರುವಾರ ಬೋಜ ಶೆಡ್ಡಿಗೆ ಬಂದ.

"ಅಕ್ಕಂದಿರೇ, ಕೋಣೆ ಹೇಗೆ ಬೇಕು ಹೇಳಿ. ನಿಮ್ಮನ್ನು ಕೇಳಿಯೇ ಕಟ್ಟಬೇಕು ಅಂತ ಸಣ್ಣ ದನಿ ಹೇಳಿದ್ದಾರೆ."

ನಮ್ಮನ್ನು ಯಾರೂ ಎಂತದೂ ಕೇಳಿದವರಲ್ಲ. ಕೊಡತಿಗಳೆಲ್ಲ ನಿಂತವು. ಅಮ್ಮಣಿಗೆ ನಾಚಿಕೆ ಆಯ್ತು. ಅವಳು ಮದುವೆಯಾಗಿ ಹೊಸತಾಗಿ ಸೇರಿದವಳು.

"ಹೇಗೆ ಅಂದ್ರೆ? ಒಂದು ಬಾಗಿಲು ಇದ್ದರೆ ಸಾಕು ಮಾರಾಯ."

"ಸಾಕಂತೆ ಸಾಕು!" ಬೀಫಾತಿಮ್ಮ ಬೈದಳು. "ಕೇಳುವಾಗ ಬಾಯಿಗೆ ಎಂತ ಬೀಗವಾ? ಬೋಜ, ಬರಕೋ. ಕಿಟಕಿ ಕೆಳಗೆ ಬೇಕು. ನಾವು ಕೂರುದು ನೆಲದಲ್ಲಿ. ಕೂತರೆ ಪಡುಗಾಳಿ ಮೋರೆಗೆ ತಾಗಬೇಕು."

ಮತ್ತೆ ಒಬ್ಬೊಬ್ಬರಿಗೂ ಬಾಯಿ ಬಂತು. ಗಂಜಿ ತಂದ ಪಾತ್ರೆ ಇಡಲಿಕ್ಕೆ ಗೋಡೆಯಲ್ಲಿ ಗೂಡು. ಮೂಲೆಯಲ್ಲಿ ನೀರಿನ ಗುಡಾಣ. ನಮ್ಮದು ಕರಿಕೈ, ತಾಗಿದಲ್ಲೆಲ್ಲ ಕಲೆ, ಹಾಗಾಗಿ ಗೋಡೆಗೆ ಬಿಳಿ ಸುಣ್ಣ ಬೇಡ, ಸೊಂಟದ ಎತ್ತರದವರೆಗೆ ಕರಿ ಬಳೀಲಿ ಅಂದಳು ಅಮ್ಮಣಿ. ನಾನು ಹೇಳಿದೆ, ನೆಲ ಕರಿನೆಲ ಆಗಬೇಕು, ತಿಕ್ಕಿದ್ದು. ಸೊಂಟ ನೋಯುವಾಗ ಒಂದು ಗಳಿಗೆ ಬೆನ್ನು ತಾಗಿಸಿದರೆ ಜೀವ ತಂಪಾಗಬೇಕು. ಮಾಡಿನ ಅಡ್ಡಮರಕ್ಕೆ ಸಾಲಾಗಿ ಕಬ್ಬಿಣದ ಕೊಂಡಿ ಬೇಕು, ತೊಟ್ಟಿಲು ಕಟ್ಟಲಿಕ್ಕೆ.

ಬೋಜ ಇದ್ದಲಿನಲ್ಲಿ ನೆಲದ ಮೇಲೆ ಕೋಣೆಯ ಚಿತ್ರ ಬರೆದ. ಕಿಟಕಿ ಇಲ್ಲಿ, ಗೂಡು ಇಲ್ಲಿ, ಕೊಂಡಿ ಇಲ್ಲಿ. ಮತ್ತೆ ನನ್ನ ಹೊಟ್ಟೆ ನೋಡಿ ನಕ್ಕ. ನಾನು ಬಸುರಿ.

"ಅಕ್ಕ, ಕಿಟಕಿಯ ಹತ್ತಿರದ ಮೊದಲನೇ ಕೊಂಡಿ ನಮ್ಮ ಮಗುವಿಗೆ. ನಾನೇ ಹಾಕುದು ತೊಟ್ಟಿಲಿಗೆ."

ನಮ್ಮಲ್ಲಿ ಮಗುವನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವವ ಸೋದರಮಾವ. ಅಪ್ಪ ಇರಲಿ ಇಲ್ಲದಿರಲಿ, ಮಾವ ಬೇಕು. ಮಾವ ಹಾಕಿದ ಮಗುವನ್ನು ಆ ಸಲ ಮಾವನೇ ಎತ್ತಿ ತಾಯಿಯ ಕೈಗೆ ಕೊಡಬೇಕು. ಈ ಜೀವ ನನ್ನದೂ ಹೌದು ಅಂತ ಅವ ಹತ್ತು ಜನರ ಎದುರು ಒಪ್ಪಿದ ಹಾಗೆ ಅದು. ಬೋಜನ ಮಾತು ಕೇಳಿ ನನಗೆ ಕಣ್ಣು ತುಂಬಿತು. ಗೋಣಿಯ ಮೇಲೆ ಸೊನೆ ಬಿದ್ದು ಅತ್ತ ಮಗು, ಇವತ್ತು ನನ್ನ ಮಗುವಿಗೆ ಕೊಂಡಿ ಹಾಕಿಸ್ತಾನೆ. ಇನ್ನೆಂತ ಬೇಕು ನನಗೆ ಅಂತ ಅಂದುಕೊಂಡೆ. ಮಂಗ ನಾನು.

ಕಲ್ಲು, ಮರ, ಹಂಚು ಕಂಪೆನಿ ಕೊಟ್ಟಿತು. ಗೋಡೆ ಎದ್ದಿತು. ಆಮೇಲೆ ಬೋಜ ಬಂದು ಹೇಳಿದ, ಮಣ್ಣು ಹೊರುದು, ನೆಲ, ಸುಣ್ಣ ನಿಮ್ಮದು. ಕೆಲಸ ಬಿಟ್ಟ ಮೇಲೆ ಮಾಡಿ. ಕೂಲಿ ಇಲ್ಲ. "ನಿಮ್ಮದೇ ಕೋಣೆ ಅಲ್ವಾ ಅಕ್ಕ?"

ಹೌದಲ್ಲ, ನಮ್ಮದೇ ಅಂತ ನಾವು ಸೆರಗು ಸಿಕ್ಕಿಸಿ ಹೊರಟೆವು. ಕೊಡತಿ ಕೆಳಗಿಟ್ಟ ಕೈಯಲ್ಲೇ ಬುಟ್ಟಿ. ತಲೆಯ ಮೇಲೆ ಮಣ್ಣು, ಹೊಟ್ಟೆಯಲ್ಲಿ ಮಗು. ಗುಡ್ಡೆಯಿಂದ ಇಳಿದು ಹತ್ತಿ, ಇಳಿದು ಹತ್ತಿ. ನನ್ನ ಗಂಡ ಮಾಯಿಲಪ್ಪ ಬಂದರಿನಲ್ಲಿ ಮೂಟೆ ಹೊರುವವ, ಅವನೇ ನೋಡಿ ಬೈದ, "ನಾನು ಹೊರುದು ಸಾಲದಾ, ನೀನೂ ಶುರು ಮಾಡಿದ್ದಾ?"

ನೆಲ ಮಾಡುದು ಸಸಾರ ಅಲ್ಲ. ತೆಂಗಿನ ಗೆರಟೆ ಸುಟ್ಟು ಮಸಿ ಮಾಡಬೇಕು. ಸುಣ್ಣ, ಬೆಲ್ಲದ ನೀರು ಸೇರಿಸಿ ಅರೆಯಬೇಕು. ಬಳಿದು, ಹಸಿ ಆರುವ ಮೊದಲು ಹೊಳೆಯ ನುಣ್ಣನೆ ಕಲ್ಲಿನಲ್ಲಿ ತಿಕ್ಕಬೇಕು. ನಿಲ್ಲಿಸಬಾರದು. ನಿಲ್ಲಿಸಿದಲ್ಲಿ ಬಿರುಕು. ಮಂಡಿ ಚರ್ಮ ಹೋಗಿ ಹಸಿ ಮಾಂಸ ಕಂಡಿತು. ಸೊನೆ ತಿಂದ ಬೆರಳಿಗೆ ಸುಣ್ಣ ಹೊಕ್ಕರೆ ಹೇಗಿರ್ತದೆ? ಬೀಫಾತಿಮ್ಮ ತಿಕ್ಕುತ್ತಾ ಹಾಡು ಹೇಳ್ತಿದ್ದಳು, ಮಧ್ಯೆ ಮಧ್ಯೆ ಅಯ್ಯೋ ಪಡಚ್ಚೋನೇ ಅಂತ ಅವಳ ದೇವರನ್ನು ಕರೆದು ಸೊಂಟ ಹಿಡಿಯುತ್ತಿದ್ದಳು. ಆದರೂ ನಗ್ತಿದ್ದೆವು ಮಾರಾಯ್ರೆ. ಸ್ವಂತದ್ದಕ್ಕೆ ದುಡಿಯುವ ಸುಖ ನಮಗೆ ಅದೇ ಮೊದಲು. ಕಡೆಗೆ ನೆಲಕ್ಕೆ ಎಂತ ಹೊಳಪು ಬಂತೆಂದರೆ ಬಗ್ಗಿದರೆ ಮೋರೆ ಕಾಣ್ತಿತ್ತು.

ಗೋಡೆಗೆ ಮಾತ್ರ ಕರಿ ಬೇಡ, ಬಿಳಿ ಸುಣ್ಣವೇ ಇರಲಿ ಅಂತ ಮೇಲಿಂದ ಹೇಳಿಕಳಿಸಿದರು. ನಾವು ಬಿಳಿಯೇ ಬಳಿದೆವು. ಆಗಲೇ ತಿಳೀಬೇಕಿತ್ತು.

ಮಗು ಹುಟ್ಟಿತು. ಹೆಣ್ಣು. ಬಾಣಂತನ ಮುಗಿಸಿ, ಮಾಯಿಲಪ್ಪ ಬೆತ್ತ ಹೆಣೆದು ಮಾಡಿದ ತೊಟ್ಟಿಲು ಹೊತ್ತುಕೊಂಡು ನಾನು ಕಾರ್ಖಾನೆಗೆ ಹೋದೆ. ಕೋಣೆಯ ಬಾಗಿಲಿನಲ್ಲಿ ಬೀಫಾತಿಮ್ಮ ನಿಂತಿದ್ದಳು. ನಗುವ ಹೆಂಗಸು ನಗಲಿಲ್ಲ.

"ಒಳಗೆ ಹೋಗಬೇಡ ದೇಯಿ. ರೈಟರುಗಳು ಕೂತಿದ್ದಾರೆ."

ನಾನು ಹೋದೆ. ನಮ್ಮ ನೆಲದ ಮೇಲೆ ಟೇಬಲು, ಕುರ್ಚಿ. ನಮ್ಮ ಗೂಡಿನಲ್ಲಿ ಕಡತಗಳು. ಕಿಟಕಿಯ ಹತ್ತಿರ, ಮೊದಲನೇ ಕೊಂಡಿಯ ಅಡಿಯಲ್ಲಿ, ಹಲಸಿನ ಮರದ ದೊಡ್ಡ ಟೇಬಲು. ಅದರ ಹಿಂದೆ ಬೋಜ. ಕುರ್ಚಿಯಲ್ಲಿ.

ನನ್ನನ್ನು ಕಂಡು ಎದ್ದ. ಹೊರಗೆ ಕರಕೊಂಡು ಬಂದ.

"ಸ್ವಲ್ಪ ದಿನ ಅಕ್ಕ. ಹಳೇ ಆಫೀಸಿನ ಮಾಡು ಸೋರ್ತದೆ. ರಿಪೇರಿ ಆದ ಕೂಡಲೇ ಖಾಲಿ ಮಾಡ್ತೇವೆ. ನಾನಿಲ್ಲವಾ?"

ಅವನಿದ್ದಾನಲ್ಲ ಅಂತ ನಂಬಿದೆ. ತೊಟ್ಟಿಲು ವಾಪಸು ಮನೆಗೆ. ಮಗು ಗೋಣಿಯ ಮೇಲೆ. ಮನೆಯಲ್ಲೂ ಆ ತೊಟ್ಟಿಲು ಕಟ್ಟಲಿಲ್ಲ. ಮಾವ ಹಾಕದೆ ಹೇಗೆ?

ಮಳೆಗಾಲ ಬಂತು, ಹೋಯ್ತು. ಹಳೇ ಆಫೀಸಿನ ಮಾಡು ಸೋರಲೇ ಇಲ್ಲ, ಅದರಲ್ಲಿ ತಿರುಳಿನ ಡಬ್ಬ ತುಂಬಿಸಿಟ್ಟರು. ಕಿಟಕಿ ಕೆಳಗೆ ಇದ್ದದ್ದಲ್ಲವಾ, ಕುರ್ಚಿಯಲ್ಲಿ ಕೂತವರಿಗೆ ಗಾಳಿ ಮೊಣಕಾಲಿಗೆ ತಾಗ್ತದೆ, ಮೋರೆಗೆ ಬರುದಿಲ್ಲ ಅಂತ ದೊಡ್ಡ ರೈಟರು ದೂರು ಹೇಳಿದರು. ಪಾಪ, ಸೆಕೆಯಂತೆ. ಕರೆಂಟಿನ ಫ್ಯಾನು ಬಂತು. ನೇತುಹಾಕಿದ್ದು ಎಲ್ಲಿಗೆ? ಮೊದಲನೇ ಕೊಂಡಿಗೆ.

ಆ ದಿನ ಸಂಜೆ ಬೋಜ ಮನೆಗೆ ಬಂದಾಗ ಕೇಳಿದೆ. "ನೀನು ಹೇಳಲಿಲ್ಲವಾ ಅವರಿಗೆ, ಅದು ತೊಟ್ಟಿಲಿನ ಕೊಂಡಿ ಅಂತ?"

ಅವ ಅಂಗಿ ತೆಗೆಯುತ್ತಿದ್ದವ ನಿಂತ. ಕುತ್ತಿಗೆಯ ಕಲೆ ಕಾಣ್ತಿತ್ತು.

"ಅಕ್ಕ, ಜಗಲಿಯಲ್ಲಿ ಮೂಟೆಯ ಮೇಲೆ ಎಷ್ಟು ವರ್ಷ ಕೂತೆ ನಾನು? ಇವತ್ತು ಅವರ ಸರಿಸಮ ಕುರ್ಚಿ ಕೊಟ್ಟಿದ್ದಾರೆ. ಅದೂ ಬೇಡವಾ ನನಗೆ? ನಿನಗೆ ಹೊಟ್ಟೆಕಿಚ್ಚಾ?"

ಅವನ ಮಾತಿನಲ್ಲಿ ಸುಳ್ಳಿಲ್ಲ. ಅವನಿಗೆ ಕುರ್ಚಿ ಕೊಟ್ಟದ್ದು ನಮ್ಮ ಕೋಣೆಯಲ್ಲೇ ಯಾಕೆ ಅಂತ ನನಗೆ ಗೊತ್ತಿತ್ತು. ಅವ ಅಲ್ಲಿ ಕೂತರೆ ನಾವು ಬಾಯಿ ಬಿಡುದಿಲ್ಲ ಅಂತ ಸಣ್ಣ ದನಿಗೂ ಗೊತ್ತಿತ್ತು. ಬೋಜನಿಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯುವಾಗ ಯಾರ ಹತ್ತಿರ ದೂರು ಹೇಳುದು?

ಒಂದು ಸಲ ಕುಡಿಯುವ ನೀರಿಗೆ ಅಂತ ಆ ಕೋಣೆಯ ಗುಡಾಣದ ಹತ್ತಿರ ಹೋದೆ. ಜವಾನ ಓಡಿ ಬಂದ. "ಏ, ಗೋಡೆಗೆ ಕೈ ತಾಗಿಸಬೇಡ! ಸುಣ್ಣ ಹಾಳಾಗ್ತದೆ." ಆ ಸುಣ್ಣ ಬಳಿದ ಕೈ ಇದು. ಬೋಜ ಬರೆಯುತ್ತಿದ್ದ. ತಲೆ ಎತ್ತಲಿಲ್ಲ. ನಾನು ನೀರು ಕುಡಿಯದೆ ಬಂದೆ.

ದೀಪಾವಳಿ ಕಳೆದು ಒಂದು ಮಧ್ಯಾಹ್ನ ಬೋಜ ಶೆಡ್ಡಿಗೆ ಬಂದ. ತುಂಬಾ ದಿನದ ಮೇಲೆ ಅಕ್ಕಂದಿರೇ ಅಂತ ಕರೆದ. ನಾಳೆ ಕೋಣೆ ನಿಮಗಂತೆ. ಎಲ್ಲರೂ ತೊಟ್ಟಿಲು, ಮಕ್ಕಳನ್ನು ತರಬೇಕಂತೆ. ಕೈಗೆ ಎಣ್ಣೆ ಹಚ್ಚಿ ತೊಳೆದು ಬರಬೇಕಂತೆ.

"ಎಂತ ವಿಶೇಷ?" ಬೀಫಾತಿಮ್ಮ ಕೇಳಿದಳು.

"ದೊಡ್ಡ ಇನ್‌ಸ್ಪೆಕ್ಟರು ಬರ್ತಾರೆ. ಇಷ್ಟು ಹೆಂಗಸರಿರುವ ಕಡೆ ಮಕ್ಕಳಿಗೆ ಕೋಣೆ ಇರಲೇಬೇಕು ಅಂತ ಕಾನೂನು ಉಂಟು."

"ಕಾನೂನು ಯಾವಾಗಿಂದ?"

ಬೋಜ ನೆಲ ನೋಡಿದ. "ಮೊದಲಿಂದ ಉಂಟು."

ಬೀಫಾತಿಮ್ಮ ಕೊಡತಿ ಎತ್ತಿ ಒಂದು ಬೀಜಕ್ಕೆ ಹೊಡೆದಳು. ಪುಡಿಪುಡಿ ಆಯ್ತು. ಅವಳ ಕೈಯಲ್ಲಿ ಬೀಜ ಪುಡಿ ಆದದ್ದು ನಾನು ನೋಡಿದ್ದು ಅದೊಂದೇ ಸಲ.

ಬೋಜ ನನ್ನ ಹತ್ತಿರ ಕುಕ್ಕರಗಾಲಲ್ಲಿ ಕೂತ. "ಅಕ್ಕ, ಫ್ಯಾನು ತೆಗೆಸಿದ್ದೇನೆ. ಮೊದಲನೇ ಕೊಂಡಿ. ನಾಳೆ ನಾನೇ ಹಾಕ್ತೇನೆ ಮಗುವನ್ನು. ಈ ಸಲ ಖಂಡಿತ. ಇನ್ನು ಕೋಣೆ ನಿಮ್ಮದೇ."

ಹೋಗಬಾರದಿತ್ತು ಅಂತ ಈಗ ನೀವು ಹೇಳ್ತೀರಿ. ತೊಟ್ಟಿಲು ಕಾಣದ ಮಗು ಮಡಿಲಲ್ಲಿ ಇದ್ದರೆ ನೀವೂ ಹೋಗ್ತೀರಿ.

ಹೋದೆವು. ಟೇಬಲು ಕುರ್ಚಿ ಎಲ್ಲ ಹಿತ್ತಿಲಿನಲ್ಲಿ, ಮೇಲೆ ತಾಡಪಾಲು. ನೆಲ ಹೊಳೀತಿತ್ತು, ಕುರ್ಚಿ ಎಳೆದ ಗೀರು ಬಿದ್ದಿತ್ತು. ತೊಟ್ಟಿಲುಗಳು ಸಾಲಾಗಿ ಏರಿದವು. ಬೋಜ ಒಗೆದ ಅಂಗಿ ಹಾಕಿ ಬಂದಿದ್ದ. ನನ್ನ ಮಡಿಲಿಂದ ಮಗುವನ್ನು ಎತ್ತಿ, ತೊಟ್ಟಿಲಿಗೆ ಹಾಕಿ, ತೂಗಿದ. ಮಗು ಅವನ ಬೆರಳು ಹಿಡಿಯಿತು. ಕಿಟಕಿಯಿಂದ ಪಡುಗಾಳಿ ಬಂದು ನೆಲದಲ್ಲಿ ಕೂತ ನಮ್ಮ ಮೋರೆಗೆ ತಾಗಿತು. ನಾವು ಹೇಳಿದ ಹಾಗೇ. ನಾನು ಅತ್ತೆ. ಹೌದು, ಎಲ್ಲ ಮರೆತು ಅತ್ತೆ.

ಇನ್‌ಸ್ಪೆಕ್ಟರು ಬಂದರು. ಮೈಸೂರು ಕಡೆಯವರು. ಕೈಯಲ್ಲಿ ಸೀಯಾಳ. ಹಿಂದೆ ಸಣ್ಣ ದನಿ.

"ಚೆನ್ನಾಗಿದೆ, ತುಂಬಾ ಚೆನ್ನಾಗಿದೆ. ಏನಮ್ಮಾ, ದಿನಾ ಇಲ್ಲೇ ಕೂತ್ಕೋತೀರಾ?"

ನಾವು ಬಾಯಿ ತೆರೆಯುವ ಮೊದಲೇ ಬೋಜ ಹೇಳಿದ. "ಹೌದು ಸಾರ್. ಕಟ್ಟಿದಾಗಿಂದ ಇವರೇ ಇರುದು."

ಕಟ್ಟಿದಾಗಿಂದ! ಇವತ್ತಿನ ಮಟ್ಟಿಗೆ ಸುಳ್ಳು ಹೇಳಿದ್ದರೆ ಸಹಿಸುತ್ತಿದ್ದೆ. ನನ್ನ ಮಗು ಗೋಣಿಯ ಮೇಲೆ ಕೆಮ್ಮಿದ ಅಷ್ಟೂ ದಿನವನ್ನು ಅವ ಒಂದೇ ಮಾತಿಗೆ ಒರೆಸಿಬಿಟ್ಟ. ನಾನು ಎದ್ದೆ.

"ಇಲ್ಲ ಸಾರ್. ಸುಳ್ಳು."

ನಾನು ಎರಡೂ ಕೈ ಚಾಚಿ ತೋರಿಸಿದೆ. "ಈ ಕೈ ತಾಗಿದಲ್ಲಿ ಕಲೆ ಬೀಳ್ತದೆ. ನಾವು ದಿನಾ ಇಲ್ಲಿ ಕೂತದ್ದಾದರೆ ಗೋಡೆಯಲ್ಲಿ ಒಂದು ಬೆರಳಿನ ಕಲೆ ತೋರಿಸಿ. ಇದು ರೈಟರುಗಳ ಆಫೀಸು. ಟೇಬಲು ಹಿತ್ತಿಲಲ್ಲಿ ಉಂಟು. ಹೋಗಿ ನೋಡಿ."

ಇನ್‌ಸ್ಪೆಕ್ಟರು ಗೋಡೆ ನೋಡಿದರು. ಬಿಳೀ ಗೋಡೆ. ಅವರಿಗೆ ಅರ್ಥ ಆಯ್ತು, ನಾನು ಅವರ ಕಣ್ಣು ನೋಡಿದೆ. ಆದರೆ ಹಿತ್ತಿಲಿಗೆ ಹೋಗಲಿಲ್ಲ. ಬೋಜನ ಕಡೆ ತಿರುಗಿದರು.

"ಯಾರಯ್ಯ ಈ ಹೆಂಗಸು?"

ಬೋಜ ಸಣ್ಣ ದನಿಯನ್ನು ನೋಡಿದ. ಮತ್ತೆ ಕಾಲರ್ ಸರಿ ಮಾಡಿಕೊಂಡ.

"ಗೊತ್ತಿಲ್ಲ ಸಾರ್. ಯಾರೋ ಹೊಸಬಳು."

ಸೀಯಾಳದ ಓಡು ಜವಾನನ ಕೈಗೆ ಕೊಟ್ಟು ಇನ್‌ಸ್ಪೆಕ್ಟರು ಹೋದರು. ಕಾರಿನ ಸದ್ದು ಗುಡ್ಡೆ ಇಳಿಯಿತು. ಸಣ್ಣ ದನಿ ಕರವಸ್ತ್ರದಲ್ಲಿ ಮೋರೆ ಒರೆಸಿದರು. ಬೊಂಬಾಯಿಯ ಭಾಷೆ ಹೋಗಿ ಅಪ್ಪನ ಭಾಷೆ ಬಂತು.

"ಏಳ್ರೇ ಎಲ್ಲ. ಹೊರಗೆ! ಬೋಜ, ಆ ತೊಟ್ಟಿಲು ಬಿಚ್ಚು. ಟೇಬಲು ಒಳಗೆ ಬರಲಿ."

ಬೋಜ ಬಂದ. ಮೊದಲನೇ ಕೊಂಡಿಯ ಹತ್ತಿರ ನಿಂತು, "ಅಕ್ಕ, ಮಗುವನ್ನು ತಕ್ಕೋ" ಅಂದ. ಪಿಸುಮಾತಿನಲ್ಲಿ. ಅಕ್ಕ ಅಂತ ಬೇರೆಯವರಿಗೆ ಕೇಳಬಾರದಲ್ಲ.

"ನಾನು ತಕ್ಕೊಳ್ಳುದಿಲ್ಲ," ಅಂದೆ. ನಾನು ಮತ್ತೆ ನೆಲದಲ್ಲಿ ಕೂತಿದ್ದೆ. "ಹಾಕಿದವ ಯಾರು? ನೀನೇ ಎತ್ತು."

ಎತ್ತಿದ. ಮಗು ಎಚ್ಚರಾಗಿ ಅಳಲಿಕ್ಕೆ ಶುರು ಮಾಡಿತು. ನನ್ನ ಎದುರು ಬಗ್ಗಿ ಎರಡೂ ಕೈಯಲ್ಲಿ ಚಾಚಿದ. ನನ್ನ ಎದೆಯಲ್ಲಿ ಹಾಲು ಒಸರಿ ರವಿಕೆ ಒದ್ದೆ ಆಯ್ತು. ನಾನು ಕೈ ಮುಂದೆ ಮಾಡಲಿಲ್ಲ.

"ಗೊತ್ತಿಲ್ಲದ ಹೆಂಗಸಿನ ಕೈಗೆ ಮಗು ಕೊಡ್ತೀಯಾ ಬೋಜ?"

ಅವನ ಬಾಯಿ ತೆರೆಯಿತು, ಮಾತು ಬರಲಿಲ್ಲ. ಇವಳು ನನ್ನ ಅಕ್ಕ. ಮೂರು ಶಬ್ದ. ಅಷ್ಟು ಹೇಳಿದ್ದರೆ ನಾನು ಮಗುವನ್ನು ತಕ್ಕೊಂಡು ಎದ್ದು ಹೋಗ್ತಿದ್ದೆ. ಕೋಣೆಯೂ ಬೇಡ, ಕೊಂಡಿಯೂ ಬೇಡ ಅಂತಿದ್ದೆ. ದೇವರಾಣೆ ಹೋಗ್ತಿದ್ದೆ. ಅವನ ಬಾಯಿಯನ್ನೇ ನೋಡುತ್ತಾ ಕೂತೆ.

"ಬೋಜಾ! ಟೇಬಲ್!" ಬಾಗಿಲಿನಿಂದ ಸಣ್ಣ ದನಿ.

ಬೋಜ ಮಗುವನ್ನು ನೆಲದ ಮೇಲೆ ಇಟ್ಟ. ನನ್ನ ಕಾಲಿನ ಹತ್ತಿರ, ಕರಿನೆಲದ ಮೇಲೆ, ಮೂಟೆ ಇಳಿಸಿದ ಹಾಗೆ. ಹಿತ್ತಿಲಿಗೆ ಹೋದ.

ನಾನು ಮಗುವಿನ ಬದಿಯಲ್ಲಿ ಮಲಗಿದೆ. ಬೆನ್ನು ತಾಗಿಸಿ, ಕಾಲು ಚಾಚಿ ಮಲಗಿದೆ. ಆಮೇಲೆ ಮಗುವಿನ ಕಡೆ ಹೊರಳಿ, ಸೆರಗು ಸರಿಸಿ ಮೊಲೆ ಕೊಟ್ಟೆ. ಅಳು ನಿಂತಿತು. ಬೀಫಾತಿಮ್ಮ ತಲೆಯ ಎಲೆವಸ್ತ್ರ ಬಿಗಿ ಮಾಡಿ ನನ್ನ ಬಲಕ್ಕೆ ಮಲಗಿದಳು. ಅಮ್ಮಣಿ ಬಾಗಿಲಿನ ಅಡ್ಡಕ್ಕೆ ಮಲಗಿದಳು. ಆಮೇಲೆ ಎಲ್ಲರೂ. ಕಾಲಿಡಲಿಕ್ಕೆ ಜಾಗ ಉಳಿಯಲಿಲ್ಲ.

ಮರುದಿನ ನಮ್ಮ ಅಷ್ಟೂ ಜನರನ್ನು ಕೆಲಸದಿಂದ ತೆಗೆದರು. ಆ ಕೋಣೆ ಆಫೀಸಾಗಿಯೇ ಉಳಿಯಿತು. ಅದನ್ನು ಮುಚ್ಚಿಟ್ಟು ಎಂತ ಮಾಡುದು, ಗೆದ್ದೆವು ಅಂತ ನಾನು ಹೇಳುದಿಲ್ಲ.

ಆದರೆ ಆ ಮಧ್ಯಾಹ್ನ ನಾವು ಏಳಲಿಲ್ಲ. ಬೋಜ ಮತ್ತೆ ಜವಾನ ಟೇಬಲು ಹೊತ್ತು ತಂದು ಬಾಗಿಲಿನಲ್ಲಿ ನಿಂತರು. ಕೆಳಗೆ ಅಮ್ಮಣಿ. ಅವಳ ಆಚೆ ನಾನು. ಹಲಸಿನ ಮರದ ಟೇಬಲು, ಒಳ್ಳೆ ಭಾರ. ಅವನ ಕುತ್ತಿಗೆಯ ನರ ಎದ್ದು, ಕಾಲರ್ ಸರಿದು, ಕಲೆ ಕಾಣ್ತಿತ್ತು.

"ಅಕ್ಕ, ಏಳು," ಅಂದ. ಈಗ ಜೋರಾಗಿ. ಎಲ್ಲರಿಗೂ ಕೇಳುವ ಹಾಗೆ.

"ನಾನು ಹೊಸಬಳು," ಅಂದೆ. "ಇಡುದಾದರೆ ಮೇಲೆಯೇ ಇಡು."

ಮಗು ಹಾಲು ಕುಡೀತಿತ್ತು. ನೆಲ ತಂಪಿತ್ತು.